ಹೆಸರಿನ ಮುಂದೆ ಕಾಯಕ, ಮಾತಿನ ಕೊನೆಗೆ ಅಂಕಿತ: ಕಾಲೇಜು ಕ್ರೀಡಾಪಟುವಿನ ತನ್ನತನದ ಪ್ರಶ್ನೆ

ಪ್ರಶ್ನೆಯ ಸ್ವರೂಪ

ಆಟವೊಂದರಲ್ಲಿ ಪಳಗಿದ ಕಾಲೇಜು ವಿದ್ಯಾರ್ಥಿಗೆ ಆ ಆಟವು ಅವನು ಮಾಡುವ ಹಲವು ಕೆಲಸಗಳಲ್ಲಿ ಒಂದೋ ಅಥವಾ ಅವನ ಇರವೇ ಆಟವೋ ಎಂಬ ಪ್ರಶ್ನೆ ಮೇಲುನೋಟಕ್ಕೆ ಮನೋವಿಜ್ಞಾನದ ಸಣ್ಣ ಶಾಖೆಯೊಂದಕ್ಕೆ ಸೇರಿದ್ದೆಂದು ಕಂಡರೂ, ಅದರ ಬೇರು ಧರ್ಮ ಮತ್ತು ತತ್ತ್ವದ ಹಳೆಯ ಜಿಜ್ಞಾಸೆಯೊಂದರಲ್ಲಿದೆ. ಮನುಷ್ಯ ಮಾಡುವ ಕೆಲಸಕ್ಕೂ ಅವನು ಏನಾಗಿದ್ದಾನೆ ಎಂಬುದಕ್ಕೂ ಇರುವ ನಂಟು ಎಂಥದು, ಕೆಲಸ ನಿಂತ ದಿನ ಕೆಲಸಗಾರನಲ್ಲಿ ಉಳಿಯುವುದೇನು ಎಂಬುದೇ ಆ ಜಿಜ್ಞಾಸೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಸೀಮೆಯಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತೂಕವಿದೆ; ಏಕೆಂದರೆ 12ನೆಯ ಶತಮಾನದಲ್ಲಿ ದುಡಿಮೆಯನ್ನು ಪೂಜೆಯ ಮಟ್ಟಕ್ಕೇರಿಸಿ, ದುಡಿಯುವವರ ಹೆಸರಿಗೇ ದುಡಿಮೆಯನ್ನು ಜೋಡಿಸಿದ ಶರಣರಲ್ಲಿ ಹಲವರ ನೆನಪು ನೆಲೆಸಿರುವುದು ಈ ನೆಲದಲ್ಲಿಯೇ. ಬಾಗೇವಾಡಿಯು ಬಸವಣ್ಣನವರ ಜನ್ಮಸ್ಥಳವೆಂದು ಪ್ರಸಿದ್ಧವಾಗಿದೆ. ಇತ್ತೀಚಿನವರೆಗೂ ಸಿಂದಗಿ ತಾಲ್ಲೂಕಿನಲ್ಲಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ದೇವರ ಹಿಪ್ಪರಗಿಯು ಮಡಿವಾಳ ಮಾಚಿದೇವರ ಊರು. ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯು ಕೃಷ್ಣಾ ನದಿಯ ದಂಡೆಯ ಮೇಲೆ ಹಡಪದ ಅಪ್ಪಣ್ಣ ಮತ್ತು ನೀಲಾಂಬಿಕೆಯರು ಐಕ್ಯರಾದ ಸ್ಥಳವೆಂದು ಪರಂಪರೆ ನಂಬುತ್ತದೆ. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ಇವರೆಲ್ಲರಿಗಿಂತ ಎರಡು ಶತಮಾನ ಮೊದಲೇ, ದೂರದ ನಾಡುಗಳಿಂದ ಬಂದ ವಿದ್ಯಾರ್ಥಿಗಳು ವಾಸವಾಗಿದ್ದು ಓದುತ್ತಿದ್ದ ವಿದ್ಯಾಕೇಂದ್ರವೊಂದು ಇತ್ತು. ದುಡಿಮೆ, ಹೆಸರು, ವಿದ್ಯೆ ಎಂಬ ಮೂರರ ಕುರಿತೂ ಯೋಚಿಸಿದ ಈ ಸೀಮೆಯು ಇಂದಿನ ಕ್ರೀಡಾಪಟು ವಿದ್ಯಾರ್ಥಿಯ ಇಕ್ಕಟ್ಟಿಗೆ ಹೇಳುವುದೇನು ಎಂಬುದನ್ನು ಪರಿಶೀಲಿಸುವುದು ಈ ಪ್ರಬಂಧದ ಉದ್ದೇಶ.

ಮನೋವಿಜ್ಞಾನವು ಈ ಇಕ್ಕಟ್ಟಿಗೆ ಕೊಟ್ಟಿರುವ ಹೆಸರು ಕ್ರೀಡಾ ಅಸ್ಮಿತೆ. ಒಬ್ಬ ವ್ಯಕ್ತಿ ಆಟಗಾರನೆಂಬ ಪಾತ್ರದೊಡನೆ ತನ್ನನ್ನು ಎಷ್ಟರಮಟ್ಟಿಗೆ ಒಂದಾಗಿಸಿಕೊಂಡಿದ್ದಾನೆ ಎಂಬುದನ್ನು ಈ ಪದ ಸೂಚಿಸುತ್ತದೆ. 1993ರಲ್ಲಿ ಬ್ರಿಟನ್ ಬ್ರೂವರ್, ಜೂಡಿ ವ್ಯಾನ್ ರಾಲ್ಟ್ ಮತ್ತು ಡಾರ್ವಿನ್ ಲಿಂಡರ್ ಎಂಬ ಅಮೆರಿಕದ ಮೂವರು ವಿದ್ವಾಂಸರು ಇದನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ರೂಪಿಸಿ, ಇಂಥ ಅಸ್ಮಿತೆಯು ಗ್ರೀಕ್ ವೀರ ಹರ್ಕ್ಯುಲಿಸನ ಸ್ನಾಯುವೋ ಅಕಿಲಿಸನ ಹಿಮ್ಮಡಿಯೋ ಎಂದು ತಮ್ಮ ಲೇಖನದ ಶೀರ್ಷಿಕೆಯಲ್ಲಿಯೇ ಕೇಳಿದರು. ಕನ್ನಡದ ಓದುಗರಿಗೆ ಅಕಿಲಿಸನ ಹಿಮ್ಮಡಿಗಿಂತ ದುರ್ಯೋಧನನ ತೊಡೆ ಬೇಗ ಅರ್ಥವಾದೀತು: ಮೈಯೆಲ್ಲ ವಜ್ರವಾಗಿದ್ದು, ಪೆಟ್ಟು ಬಿದ್ದರೆ ಉಳಿಯದ ಜಾಗ ಒಂದೇ ಒಂದು. ಆಟಗಾರನೆಂಬ ಭಾವ ಗಾಢವಾಗಿದ್ದಷ್ಟೂ ಅಭ್ಯಾಸದ ನಿಷ್ಠೆ ಹೆಚ್ಚುತ್ತದೆ. ಆದರೆ ಮೊಣಕಾಲಿನ ಒಂದು ಗಾಯವೋ ತಂಡದ ಆಯ್ಕೆಯಲ್ಲಿ ಹೆಸರು ತಪ್ಪಿದ ಒಂದು ದಿನವೋ ಅಂಥವನನ್ನು ಬುಡಸಮೇತ ಅಲುಗಿಸುತ್ತದೆ. ಆ ಪ್ರಶ್ನಾವಳಿಯನ್ನು ಮುಂದೆ ವಿಶ್ಲೇಷಿಸಿದವರು ಈ ಭಾವದಲ್ಲಿ ಮೂರು ಎಳೆಗಳನ್ನು ಗುರುತಿಸಿದರು: ಸುತ್ತಲಿನವರು ತನ್ನನ್ನು ಆಟಗಾರನೆಂದೇ ಕಾಣುತ್ತಾರೆ ಎಂಬ ಅರಿವು ಮೊದಲನೆಯದು; ಆಟವನ್ನು ಬಿಟ್ಟು ಬೇರಾವುದೂ ತಾನಲ್ಲ ಎಂಬ ಏಕಾಂತಿಕತೆ ಎರಡನೆಯದು; ಆಡಲಾಗದಿದ್ದರೆ ತಾನು ಕುಸಿಯುತ್ತೇನೆ ಎಂಬ ಭೀತಿ ಮೂರನೆಯದು.

ಇದಕ್ಕೆ ಹೊಂದಿಕೊಂಡ ಇನ್ನೊಂದು ಪರಿಕಲ್ಪನೆ 1966ರಲ್ಲಿ ಜೇಮ್ಸ್ ಮಾರ್ಷಿಯಾ ವಿವರಿಸಿದ, ಕನ್ನಡದಲ್ಲಿ ಮೊದಲೇ ಮುಚ್ಚಿದ ಅಸ್ಮಿತೆ ಎಂದು ಕರೆಯಬಹುದಾದ ಸ್ಥಿತಿ. ಹರೆಯದಲ್ಲಿ ಮನುಷ್ಯ ಹಲವು ದಾರಿಗಳನ್ನು ನೋಡಿ, ಕೆಲವನ್ನು ತುಳಿದು, ಕೊನೆಗೆ ಒಂದನ್ನು ತನ್ನದಾಗಿಸಿಕೊಳ್ಳುವುದು ಸಹಜವಾದ ಬೆಳವಣಿಗೆ. ಹಾಗೆ ನೋಡುವ ಮೊದಲೇ ಕೈಗೆ ಸಿಕ್ಕ ಒಂದಕ್ಕೆ ತನ್ನನ್ನು ಒಪ್ಪಿಸಿ ಉಳಿದ ಬಾಗಿಲುಗಳನ್ನು ಮುಚ್ಚಿಕೊಳ್ಳುವುದೇ ಈ ಸ್ಥಿತಿ. 1996ರಲ್ಲಿ ಮರ್ಫಿ, ಪೆಟಿಟ್‌ಪಾಸ್ ಮತ್ತು ಬ್ರೂವರ್ ಅವರು ಅಮೆರಿಕದ 124 ಕಾಲೇಜು ಕ್ರೀಡಾಪಟುಗಳನ್ನು ಅಧ್ಯಯನ ಮಾಡಿದಾಗ, ಅಸ್ಮಿತೆ ಮೊದಲೇ ಮುಚ್ಚಿದವರಲ್ಲಿ ಮತ್ತು ಕ್ರೀಡಾ ಅಸ್ಮಿತೆ ಅತಿಯಾಗಿದ್ದವರಲ್ಲಿ ವೃತ್ತಿ ಪಕ್ವತೆ, ಅಂದರೆ ವಯಸ್ಸಿಗೆ ತಕ್ಕಂತೆ ಮುಂದಿನ ಜೀವನೋಪಾಯದ ಬಗ್ಗೆ ತಿಳಿದು ನಿರ್ಧರಿಸುವ ಸಾಮರ್ಥ್ಯ, ಕಡಿಮೆಯಿರುವುದು ಕಂಡಿತು. ಇದರಿಂದ ಅನೇಕರು ತೆಗೆಯುವ ತೀರ್ಮಾನವೆಂದರೆ ಆಟವನ್ನು ಅಷ್ಟು ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂಬುದು. ಆ ತೀರ್ಮಾನ ಅವಸರದ್ದು. ಕೆಲಸದೊಡನೆ ಪೂರ್ತಿ ಒಂದಾಗಿಯೂ ಕೆಲಸದೊಳಗೇ ಮುಗಿದುಹೋಗದಿರುವ ಬಗೆಯೊಂದು ಉಂಟು ಎಂಬುದಕ್ಕೆ ಶರಣರ ಬದುಕಿನಲ್ಲಿಯೇ ಸಾಕ್ಷ್ಯವಿದೆ.

ಬ್ಲೇಜರು ಮತ್ತು ನೂರು ಮೀಟರಿನ ಅಂತರ

ತತ್ತ್ವದ ಚರ್ಚೆಗೆ ಹೋಗುವ ಮೊದಲು ಈ ಸೀಮೆಯಲ್ಲಿ ಆಟಗಾರನೆಂಬ ಗುರುತು ಹೇಗೆ ಮೈಗೂಡುತ್ತದೆ ಎಂಬುದನ್ನು ಗಮನಿಸಬೇಕು. ನಾಲ್ಕೂ ತಾಲ್ಲೂಕುಗಳ ಪದವಿ ಕಾಲೇಜುಗಳು ಸಾಮಾನ್ಯವಾಗಿ 2010ರಲ್ಲಿ ಸ್ಥಾಪನೆಯಾದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೂ, ಮಹಿಳಾ ಕಾಲೇಜುಗಳು ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯಕ್ಕೂ ಸೇರಿವೆ. ಜಾತ್ರೆಯ ಕುಸ್ತಿ, ಊರ ಕಬಡ್ಡಿ, ಶಾಲೆಯ ಖೋ-ಖೋ, ಹೆದ್ದಾರಿಯ ಅಂಚಿನ ಸೈಕಲ್ ಸವಾರಿ ಎಂದು ಚದುರಿಹೋಗಿದ್ದ ಆಸಕ್ತಿಯು ಅಂತರ ಕಾಲೇಜು ಕ್ರೀಡಾಕೂಟದಲ್ಲಿ ಮೊದಲ ಬಾರಿಗೆ ಲಿಖಿತ ರೂಪ ಪಡೆಯುತ್ತದೆ. ಅಲ್ಲಿಂದ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದವನನ್ನು ಯೂನಿವರ್ಸಿಟಿ ಬ್ಲೂ ಎನ್ನುತ್ತಾರೆ. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ಗಳಿಂದ ಬಂದ ಈ ಪದ ಇಲ್ಲಿ ಎಷ್ಟು ಬಳಕೆಯಾಗಿದೆಯೆಂದರೆ ಬ್ಲೂ ಆದ ಎಂಬುದು ಈಗ ಕನ್ನಡದ ಮಾತೇ ಆಗಿದೆ. ಆ ಆಯ್ಕೆಯೊಡನೆ ಬರುವ ಬ್ಲೇಜರಿನ ಎದೆಯ ಮೇಲೆ ವಿಶ್ವವಿದ್ಯಾಲಯದ ಲಾಂಛನವಿರುತ್ತದೆ. ಬಿಸಿಲುನಾಡಿನಲ್ಲಿ ವರ್ಷದ ಬಹುಪಾಲು ತೊಡಲಾಗದ ಆ ದಪ್ಪ ಅಂಗಿಯನ್ನು ಮನೆಯವರು ಗೂಟಕ್ಕೆ ತೂಗುಹಾಕಿಯೋ ಟ್ರಂಕಿನಲ್ಲಿ ಮಡಿಸಿಟ್ಟೋ ಕಾಯುತ್ತಾರೆ. ಮನೋವಿಜ್ಞಾನ ಹೇಳುವ ಮೊದಲ ಎಳೆ, ಅಂದರೆ ಸುತ್ತಲಿನವರ ಕಣ್ಣಿನಲ್ಲಿ ಆಟಗಾರನಾಗುವುದು, ಬಟ್ಟೆಯ ರೂಪ ತಾಳುವುದು ಇಲ್ಲಿಯೇ.

ಆದರೆ ಈ ಗುರುತಿನ ಆಯುಸ್ಸು ಕಿರಿದು. ಭಾರತೀಯ ವಿಶ್ವವಿದ್ಯಾಲಯಗಳ ಒಕ್ಕೂಟವು ನಡೆಸುವ ಕೂಟಗಳಲ್ಲಿ ಭಾಗವಹಿಸಲು ಸಾಮಾನ್ಯವಾಗಿ 17ರಿಂದ 25 ವರ್ಷದ ಮಿತಿಯಿದೆ. ಪದವಿ ಮುಗಿಸಿ ಮುಂದೆ ಓದದವನಿಗೆ ಆ ಮಿತಿಯೂ ಕೈಗೆಟುಕದೆ 21ರ ಆಸುಪಾಸಿನಲ್ಲಿಯೇ ಆಟದ ಬಾಗಿಲು ಮುಚ್ಚುತ್ತದೆ. 2020ರಲ್ಲಿ ಭುವನೇಶ್ವರದಲ್ಲಿ ಆರಂಭವಾಗಿ 2022ರಲ್ಲಿ ಬೆಂಗಳೂರಿನಲ್ಲಿ ಎರಡನೆಯ ಬಾರಿಗೆ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದಂಥ ವೇದಿಕೆಗಳು ಆಸೆಯನ್ನು ಹಿಗ್ಗಿಸಿವೆಯಾದರೂ, ಅಲ್ಲಿಂದ ವೃತ್ತಿಪರ ಆಟಗಾರರಾಗುವವರು ಬೆರಳೆಣಿಕೆಯವರು. ಉಳಿದವರ ಮುಂದಿರುವ ದಾರಿಗಳು ಪರಿಚಿತವಾದವು: ಪೊಲೀಸ್ ಇಲಾಖೆ, ಸೇನೆ, ರೈಲ್ವೆಯ ಕ್ರೀಡಾ ಕೋಟಾ, ಬಿ.ಪಿ.ಇಡಿ. ಮಾಡಿ ದೈಹಿಕ ಶಿಕ್ಷಕನಾಗುವುದು, 1961ರಲ್ಲಿ ಸ್ಥಾಪಿತವಾದ ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ತರಬೇತಿ ಪಡೆದು ಕೋಚ್ ಆಗುವುದು, ಇಲ್ಲವೇ ಹೊಲ, ಅಂಗಡಿ, ಗುಳೆ.

ಆಟ ಮತ್ತು ಉದ್ಯೋಗ ಒಂದಕ್ಕೊಂದು ಎಷ್ಟು ಹತ್ತಿರವಿದ್ದೂ ಬೇರೆ ಎಂಬುದನ್ನು ಒಂದು ಅಳತೆ ಚೆನ್ನಾಗಿ ತೋರಿಸುತ್ತದೆ. ಕ್ರೀಡಾಕೂಟದ ಮಧ್ಯಮ ದೂರದ ಓಟ 1500 ಮೀಟರಿನದು. ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಯ ಪುರುಷ ಅಭ್ಯರ್ಥಿಗಳನ್ನೂ ಸೇನಾ ಭರ್ತಿಗೆ ಬಂದವರನ್ನೂ ಓಡಿಸುವುದು 1600 ಮೀಟರ್. ಬೆಳಗಿನ ಜಾವ ತಾಲ್ಲೂಕು ಕ್ರೀಡಾಂಗಣದಲ್ಲಿ ಒಂದೇ ಸುತ್ತಿನಲ್ಲಿ ಓಡುವ ಇಬ್ಬರಲ್ಲಿ ಒಬ್ಬ ಪದಕಕ್ಕಾಗಿ, ಇನ್ನೊಬ್ಬ ಭರ್ತಿಗಾಗಿ ಓಡುತ್ತಿರಬಹುದು; ಅನೇಕ ವೇಳೆ ಇಬ್ಬರೂ ಒಬ್ಬನೇ ಆಗಿರುತ್ತಾನೆ. ದೂರದ ಅಂತರ ನೂರು ಮೀಟರ್, ಆದರೆ ಅರ್ಥದ ಅಂತರ ಅದಕ್ಕಿಂತ ದೊಡ್ಡದು. ಕೂಟದ ಓಟದಲ್ಲಿ ಗೆಲ್ಲಬೇಕಾದದ್ದು ಪಕ್ಕದವನನ್ನು ಮತ್ತು ತನ್ನ ಹಿಂದಿನ ದಾಖಲೆಯನ್ನು. ಭರ್ತಿಯ ಓಟದಲ್ಲಿ ದಾಟಬೇಕಾದದ್ದು ಗಡಿಯಾರ ನಿಗದಿ ಮಾಡಿದ ಗೆರೆಯನ್ನು. ಮೊದಲನೆಯದರಲ್ಲಿ ಓಟವೇ ಉದ್ದೇಶ, ಎರಡನೆಯದರಲ್ಲಿ ಓಟ ಒಂದು ಬಾಗಿಲು. ಈ ಬಾಗಿಲು ದಾಟಿದ ಮೇಲೂ ಪ್ರಶ್ನೆ ಮುಗಿಯುವುದಿಲ್ಲ. 2022ರ ಜೂನ್‌ನಲ್ಲಿ ಜಾರಿಗೆ ಬಂದ ಅಗ್ನಿಪಥ ಯೋಜನೆಯಲ್ಲಿ ಸೇನೆ ಸೇರಿದವರ ಸೇವಾವಧಿ ನಾಲ್ಕು ವರ್ಷ, ಬಳಿಕ ಕಾಯಂ ಆಗುವವರು ಗರಿಷ್ಠ ನೂರಕ್ಕೆ 25 ಮಂದಿ. ಹೀಗಾಗಿ 21ನೆಯ ವಯಸ್ಸಿನಲ್ಲಿ ಆಟ ಬಿಟ್ಟು ಸೈನಿಕನಾದವನು ತಾನಿನ್ನು ಯಾರು ಎಂಬ ಅದೇ ಪ್ರಶ್ನೆಯನ್ನು 25ರಲ್ಲಿ ಮತ್ತೊಮ್ಮೆ ಎದುರಿಸಬೇಕಾಗಬಹುದು.

ಹೆಸರು ಮತ್ತು ಅಂಕಿತ

ಶರಣರು ಕೆಲಸಕ್ಕೆ ಕೊಟ್ಟ ಹೆಸರು ಕಾಯಕ. ಕಾಯ ಎಂದರೆ ಮೈ. ಮೈಮುರಿದು, ಪ್ರಾಮಾಣಿಕವಾಗಿ, ಲೋಕಕ್ಕೆ ಬೇಕಾದುದನ್ನು ಮಾಡುವ ದುಡಿಮೆ ಕಾಯಕವೆನಿಸುತ್ತದೆ. ಅದರ ಫಲವನ್ನು ತನಗೆ ಬೇಕಾದಷ್ಟು ಮಾತ್ರ ಇಟ್ಟುಕೊಂಡು ಉಳಿದುದನ್ನು ಸಮುದಾಯಕ್ಕೆ ಸಲ್ಲಿಸುವುದು ದಾಸೋಹ. ಇವೆರಡೂ ಕೂಡಿದಾಗಲೇ ದುಡಿಮೆಗೆ ಪೂಜೆಯ ಬೆಲೆ ಬರುತ್ತದೆ. ಅವಶ್ಯಕತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಗಂಡ ಮಾರಯ್ಯನಿಗೆ ಅದನ್ನು ಮರಳಿ ಚೆಲ್ಲಿ ಬರುವಂತೆ ಹೇಳಿದ ಆಯ್ದಕ್ಕಿ ಲಕ್ಕಮ್ಮನ ಕಥೆಯು ಈ ಎರಡು ಪದಗಳ ನಡುವಿನ ಕಟ್ಟುನಿಟ್ಟನ್ನು ನೆನಪಿಗೆ ತರುತ್ತದೆ.

ಶರಣರ ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿದರೆ ಅವುಗಳಲ್ಲಿ ಹಲವು ವೃತ್ತಿಯಿಂದಲೇ ಆರಂಭವಾಗುತ್ತವೆ: ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ತುರುಗಾಹಿ ರಾಮಣ್ಣ, ಒಕ್ಕಲಿಗ ಮುದ್ದಣ್ಣ. ಬಟ್ಟೆ ಒಗೆಯುವವನು, ದೋಣಿ ನಡೆಸುವವನು, ಬಿದಿರು ಹೆಣೆಯುವವನು, ಹುಲ್ಲಿನ ಹಗ್ಗ ಹೊಸೆಯುವವನು, ದನ ಕಾಯುವವನು, ಹೊಲ ಉಳುವವನು ಎಂಬ ಗುರುತು ವ್ಯಕ್ತಿಯ ಹೆಸರಿಗಿಂತ ಮೊದಲೇ ನಿಂತಿದೆ. ಮನೋವಿಜ್ಞಾನದ ಅಳತೆಗೋಲು ಹಿಡಿದರೆ ಇಷ್ಟು ಗಾಢವಾದ ವೃತ್ತಿ ಅಸ್ಮಿತೆಯನ್ನು ಬೇರೆಲ್ಲಿಯೂ ಕಾಣುವುದು ಕಷ್ಟ. ಹಾಗಿದ್ದರೆ ಇವರೆಲ್ಲರೂ ಮೊದಲೇ ಮುಚ್ಚಿದ ಅಸ್ಮಿತೆಯವರೇ? ಇದಕ್ಕೆ ಉತ್ತರ ಸಿಗುವುದು ಅವರ ಹೆಸರಿನ ಆರಂಭದಲ್ಲಲ್ಲ, ಅವರು ರಚಿಸಿದ ವಚನಗಳ ಕೊನೆಯಲ್ಲಿ. ಪ್ರತಿ ವಚನದ ಕೊನೆಗೆ ವಚನಕಾರನು ತನ್ನ ಮುದ್ರೆಯನ್ನೊತ್ತುತ್ತಾನೆ; ಅದಕ್ಕೆ ಅಂಕಿತವೆಂದು ಹೆಸರು, ಸಾಮಾನ್ಯವಾಗಿ ಅದು ಅವನ ಇಷ್ಟದೈವದ ಹೆಸರು. ದೇವರ ಹಿಪ್ಪರಗಿಯ ಮಾಚಿದೇವನು ಹೆಸರಿನ ಮುಂದೆ ಮಡಿವಾಳನಾದರೂ ಮಾತಿನ ಕೊನೆಗೆ ಕಲಿದೇವರದೇವನ ಹೆಸರಿನಲ್ಲಿ ರುಜು ಹಾಕುತ್ತಾನೆ. ಒಗೆಯುವ ಕಲ್ಲಿನ ಬಳಿ ಅವನು ಪೂರ್ತಿಯಾಗಿ ಮಡಿವಾಳ. ಆದರೆ ಅವನು ಒಟ್ಟಾರೆ ಏನು ಎಂಬ ಲೆಕ್ಕ ಆ ಕಲ್ಲಿನ ಬಳಿ ಮುಗಿಯುವುದಿಲ್ಲ. ಕೆಲಸವು ಅವನನ್ನು ಲೋಕಕ್ಕೆ ಪರಿಚಯಿಸುತ್ತದೆ, ಅಂಕಿತವು ಅವನನ್ನು ಕೆಲಸಕ್ಕಿಂತ ಹಿರಿದಾದುದಕ್ಕೆ ಕಟ್ಟಿಹಾಕುತ್ತದೆ.

ಇದಕ್ಕೆ ಅಪವಾದವೂ ಉಂಟು, ಮತ್ತು ಆ ಅಪವಾದ ಅರ್ಥಪೂರ್ಣವಾದದ್ದು. ಅಂಬಿಗರ ಚೌಡಯ್ಯನು ದೈವದ ಹೆಸರಿನ ಬದಲಿಗೆ ತನ್ನ ಹೆಸರನ್ನೂ ವೃತ್ತಿಯನ್ನೂ ಕೂಡಿಸಿಯೇ ಅಂಕಿತ ಮಾಡಿಕೊಂಡವನು. ಅವನ ವೃತ್ತಿ ಅವನ ಹೆಸರಿನ ಮುಂದೆಯೂ ಇದೆ, ಮಾತಿನ ಕೊನೆಗೂ ಇದೆ. ಆದರೆ ಅವನ ವಚನಗಳಲ್ಲಿ ಅಂಬಿಗ ಎಂಬ ಪದ ಹೊಳೆ ದಾಟಿಸುವವನಿಂದ ಸಂಸಾರ ದಾಟಿಸುವವನ ಕಡೆಗೆ ಚಲಿಸುತ್ತದೆ. ಹುಟ್ಟು ಕೈಯಲ್ಲಿಯೇ ಇರುತ್ತದೆ, ಹೊಳೆ ಮಾತ್ರ ಬದಲಾಗುತ್ತದೆ. ಹೀಗೆ ಕೆಲಸವನ್ನು ಅಂಕಿತದ ಮಟ್ಟಕ್ಕೆ ಏರಿಸುವುದೂ ಸಾಧ್ಯ, ಆದರೆ ಆಗ ಆ ಕೆಲಸದ ಅರ್ಥ ಹಿಗ್ಗಬೇಕು.

ಶರಣರ ಚಿಂತನೆಯಲ್ಲಿ ಸ್ಥಾವರ ಮತ್ತು ಜಂಗಮ ಎಂಬ ಜೋಡಿ ಪದಗಳಿವೆ. ಸ್ಥಾವರವೆಂದರೆ ಕಟ್ಟಿ ನಿಲ್ಲಿಸಿದ್ದು, ಚಲಿಸದ್ದು, ಆದ್ದರಿಂದ ಒಂದು ದಿನ ಬೀಳುವಂಥದು. ಜಂಗಮವೆಂದರೆ ನಡೆಯುವಂಥದು, ರೂಪ ಬದಲಿಸಿಯೂ ಜೀವ ಕಳೆದುಕೊಳ್ಳದ್ದು. ಈ ಭೇದವನ್ನು ದೇಗುಲಕ್ಕೂ ದೇಹಕ್ಕೂ ಅನ್ವಯಿಸುವಂತೆ ಅಸ್ಮಿತೆಗೂ ಅನ್ವಯಿಸಬಹುದು. ತಾನು ಆಟಗಾರನೆಂಬ ಭಾವ ಬ್ಲೇಜರಿನಂತೆ ಗೂಟಕ್ಕೆ ತೂಗಿ ನಿಂತರೆ ಅದು ಸ್ಥಾವರ. ಆ ಭಾವವು ಕಲಿತ ಶಿಸ್ತಾಗಿ, ಇನ್ನೊಬ್ಬರಿಗೆ ಕಲಿಸುವ ವಿದ್ಯೆಯಾಗಿ, ಸೋಲನ್ನು ನುಂಗಿ ಮರುದಿನ ಮತ್ತೆ ಅಂಗಳಕ್ಕಿಳಿಯುವ ಗಟ್ಟಿತನವಾಗಿ ಬೇರೆ ಕೆಲಸಕ್ಕೆ ನಡೆದುಹೋದರೆ ಅದು ಜಂಗಮ. ಕ್ರೀಡಾ ಅಸ್ಮಿತೆಯಿಂದಾಗುವ ಕೇಡಿಗೆ ಕಾರಣ ಅದರ ತೀವ್ರತೆಯಲ್ಲ, ಅದರ ಸ್ಥಾವರತೆ ಎಂಬುದು ಇಲ್ಲಿಂದ ಹೊರಡುವ ಮುಖ್ಯ ಪ್ರತಿಪಾದನೆ.

ಕಾಶ್ಮೀರದ ಅರಸನಾಗಿದ್ದು, ಶರಣರ ನೆಲೆಯಾಗಿದ್ದ ಕಲ್ಯಾಣಕ್ಕೆ ಬಂದು ಕಟ್ಟಿಗೆಯ ಹೊರೆ ಮಾರಿ ಬದುಕಿದನೆಂದು ಪರಂಪರೆ ಹೇಳುವ ಮೋಳಿಗೆಯ ಮಾರಯ್ಯನ ಕಥೆಯನ್ನು ಈ ಬೆಳಕಿನಲ್ಲಿ ಓದಬಹುದು. ಹಿಂದಿನ ಪದವಿಯನ್ನು ಕಳೆದುಕೊಂಡ ದುಃಖದ ಕಥೆಯಾಗಿ ಪರಂಪರೆ ಅದನ್ನು ಎಂದೂ ಹೇಳಿಲ್ಲ. ಮೋಳಿಗೆ, ಅಂದರೆ ಕಟ್ಟಿಗೆಯ ಹೊರೆ, ಅವನಿಗೆ ಅರಸೊತ್ತಿಗೆಗಿಂತ ಗಟ್ಟಿಯಾದ ಹೆಸರನ್ನು ಕೊಟ್ಟಿತು. ಕಾಯಕವು ಹುಟ್ಟಿನಿಂದ ಅಂಟಿಕೊಂಡ ಕುಲಕಸುಬು ಎಂದು ತಪ್ಪಾಗಿ ಓದುವವರಿಗೂ ಮಾರಯ್ಯನೇ ಉತ್ತರ: ಕಾಯಕವನ್ನು ಆರಿಸಿಕೊಳ್ಳಬಹುದು, ಅಗತ್ಯ ಬಿದ್ದರೆ ಬದಲಿಸಬಹುದು.

ಆಟ ಕಾಯಕವಾದೀತೇ?

ಇಲ್ಲಿ ಗಂಭೀರವಾದ ಆಕ್ಷೇಪವೊಂದು ಎದುರಾಗುತ್ತದೆ. ಮಡಿವಾಳನ ದುಡಿಮೆಯಿಂದ ಬಟ್ಟೆ ಶುಭ್ರವಾಗುತ್ತದೆ, ಅಂಬಿಗನ ದುಡಿಮೆಯಿಂದ ಜನ ಹೊಳೆ ದಾಟುತ್ತಾರೆ; ಓಟಗಾರನು ಹೊರಟ ಜಾಗಕ್ಕೇ ಮರಳಿ ಬರುತ್ತಾನೆ, ಕಬಡ್ಡಿಯ ದಾಳಿಗಾರನು ಗೆರೆ ದಾಟಿ ಹೋದುದು ಹಿಂದಿರುಗುವುದಕ್ಕಾಗಿಯೇ. ಆಟವೆಂದರೆ ಅನಗತ್ಯವಾದ ಅಡ್ಡಿಗಳನ್ನು ತಾನಾಗಿ ಒಪ್ಪಿಕೊಂಡು ದಾಟಲು ಯತ್ನಿಸುವುದು ಎಂದು ಬರ್ನಾರ್ಡ್ ಸೂಟ್ಸ್ ಎಂಬ ತತ್ತ್ವಜ್ಞ 1978ರ ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ. ಲೋಕಕ್ಕೆ ಬೇಕಾದುದನ್ನು ಮಾಡುವುದು ಕಾಯಕವಾದರೆ, ಲೋಕಕ್ಕೆ ಬೇಡವಾದ ಅಡ್ಡಿಯನ್ನು ದಾಟುವುದು ಕಾಯಕವಾಗುವುದು ಹೇಗೆ? ಬ್ರಹ್ಮಸೂತ್ರಗಳು ಸೃಷ್ಟಿಯನ್ನೇ ಪ್ರಯೋಜನವಿಲ್ಲದ ಲೀಲೆ ಎಂದು ಕಂಡಿರುವುದನ್ನು ಆಟದ ಪರವಾಗಿ ಮುಂದಿಡಬಹುದಾದರೂ, ಆ ಸಮರ್ಥನೆ ಪೂರ್ಣನಾದ ಈಶ್ವರನಿಗೆ ಒಪ್ಪುವಷ್ಟು ಸುಲಭವಾಗಿ ಹಾಸ್ಟೆಲಿನ ಊಟಕ್ಕೆ ಮನೆಯಿಂದ ಬರುವ ಹಣವನ್ನು ಕಾಯುವ ವಿದ್ಯಾರ್ಥಿಗೆ ಒಪ್ಪುವುದಿಲ್ಲ.

ಈ ಆಕ್ಷೇಪವನ್ನು ಎದುರಿಸಲು ಅಲಸ್ಡೇರ್ ಮ್ಯಾಕಿಂಟೈರ್ 1981ರಲ್ಲಿ ಮಾಡಿದ ವಿಂಗಡಣೆಯೊಂದು ನೆರವಾಗುತ್ತದೆ. ಯಾವುದೇ ಸಾಧನೆಯಲ್ಲಿ ಹೊರಗಿನ ಫಲಗಳೂ ಒಳಗಿನ ಫಲಗಳೂ ಇರುತ್ತವೆ. ಹಣ, ಪದಕ, ನೌಕರಿ, ಹೆಸರು ಹೊರಗಿನವು, ಅವನ್ನು ಬೇರೆ ದಾರಿಯಿಂದಲೂ ಪಡೆಯಬಹುದು, ಒಬ್ಬನಿಗೆ ಸಿಕ್ಕರೆ ಇನ್ನೊಬ್ಬನಿಗೆ ತಪ್ಪುತ್ತದೆ. ಒಳಗಿನವು ಆ ಸಾಧನೆಯಿಂದ ಮಾತ್ರ ದಕ್ಕುವಂಥವು ಮತ್ತು ಅವನ್ನು ಒಬ್ಬ ಗಳಿಸಿದರೆ ಆ ಸಾಧನೆಯಲ್ಲಿ ತೊಡಗಿದವರೆಲ್ಲರಿಗೂ ಲಾಭ. ಒಬ್ಬ ಪೈಲ್ವಾನ ಹೊಸ ಪಟ್ಟೊಂದನ್ನು ಕಂಡುಕೊಂಡರೆ ಇಡೀ ಗರಡಿ ಅದನ್ನು ಕಲಿಯುತ್ತದೆ. ಆಟದ ಹೊರಗಿನ ಫಲವನ್ನಷ್ಟೇ ಬಯಸಿದವನಿಗೆ ಅದು ಬರೀ ಉದ್ಯೋಗದ ಮೆಟ್ಟಿಲು, ಒಳಗಿನ ಫಲವನ್ನು ಒಬ್ಬನೇ ಸವಿಯುವವನಿಗೆ ಅದು ಭೋಗ. ಒಳಗಿನ ಫಲವನ್ನು ಗಳಿಸಿ ಅದನ್ನು ಸಮುದಾಯಕ್ಕೆ ಸಲ್ಲಿಸಿದಾಗ ಮಾತ್ರ ಅದು ಕಾಯಕವಾಗುತ್ತದೆ. ಎಂದರೆ ಆಟ ತಾನಾಗಿ ಕಾಯಕವಲ್ಲ, ದಾಸೋಹವೇ ಅದನ್ನು ಕಾಯಕವಾಗಿಸುತ್ತದೆ. ಮತ್ತು ಆಟದ ವಿಷಯದಲ್ಲಿ ದಾಸೋಹದ ಬಹುಪಾಲು ನಡೆಯುವುದು ಆಟ ನಿಂತ ಮೇಲೆ. ವೃತ್ತಿಯ ಯೋಜನೆಯೆಂದರೆ ಆಟಕ್ಕೆ ಬಗೆದ ದ್ರೋಹವೆಂದು ತಿಳಿಯುವ ವಿದ್ಯಾರ್ಥಿ ಈ ಮಾತನ್ನು ಗಮನಿಸಬೇಕು.

ಉದ್ಯೋಗವೂ ಕಾಯಕವೂ ಒಂದೇ ಆಗಬೇಕೆಂಬ ನಿಯಮವೂ ಇಲ್ಲ. ವಿಜಯಪುರದಲ್ಲಿ ವಕೀಲಿ ಮಾಡಿಕೊಂಡಿದ್ದ ಫ.ಗು. ಹಳಕಟ್ಟಿಯವರು ಮನೆಮನೆಗಳಲ್ಲಿದ್ದ ತಾಡೋಲೆಗಳನ್ನು ಸಂಗ್ರಹಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನೂ 1926ರಲ್ಲಿ ಶಿವಾನುಭವ ಪತ್ರಿಕೆಯನ್ನೂ ಹೊರತಂದರು. ಅವರ ಉದ್ಯೋಗ ನ್ಯಾಯಾಲಯದಲ್ಲಿತ್ತು, ಅವರ ಕಾಯಕ ತಾಡೋಲೆಗಳಲ್ಲಿತ್ತು. ವಚನಗಳ ಅಂಕಿತಗಳನ್ನು ಇಂದು ಚರ್ಚಿಸಲು ಸಾಧ್ಯವಾಗಿರುವುದೇ ಆ ಎರಡನೆಯ ದುಡಿಮೆಯಿಂದ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸಂಜೆ ಊರ ಮಕ್ಕಳಿಗೆ ಖೋ-ಖೋ ಕಲಿಸುವವನ ಬದುಕಿಗೂ ಇದೇ ವಿನ್ಯಾಸವಿದೆ.

ಗರಡಿ ಕಲಿಸುವ ಪಾಠ

ಅಸ್ಮಿತೆಯನ್ನು ಜಂಗಮವಾಗಿಸುವ ಒಂದು ಸಂಸ್ಥೆ ಈ ಸೀಮೆಯಲ್ಲಿ ಹಿಂದಿನಿಂದಲೂ ಇದೆ, ಅದು ಗರಡಿಮನೆ. ಗರಡಿಯಲ್ಲಿ ಕೆಮ್ಮಣ್ಣಿನ ಅಖಾಡಕ್ಕಿಳಿದು ಕುಸ್ತಿ ಹಿಡಿಯುವವನೂ ಪೈಲ್ವಾನ, ಮೈ ಬಗ್ಗದ ವಯಸ್ಸಿನಲ್ಲಿ ದಡದ ಮೇಲೆ ಕುಳಿತು ಪಟ್ಟು ಹೇಳಿಕೊಡುವವನೂ ಪೈಲ್ವಾನ. ಊರು ಆ ಹೆಸರನ್ನು ಅವನಿಂದ ಹಿಂದಕ್ಕೆ ಪಡೆಯುವುದಿಲ್ಲ. ಕಲಿಸುವ ಹಿರಿಯನಿಗೆ ವಸ್ತಾದ ಎಂಬ ಇನ್ನೊಂದು ಹೆಸರು ಸೇರುತ್ತದೆ. ಹುಡುಗರು ಮೊದಲು ಮಾಡುವ ಕೆಲಸ ಕುಸ್ತಿಯಲ್ಲ. ಅಖಾಡದ ಮಣ್ಣನ್ನು ಅಗೆದು ಹದ ಮಾಡುವುದು, ಹಿರಿಯರ ಮೈಗೆ ಎಣ್ಣೆ ತಿಕ್ಕುವುದು, ಆಮೇಲೆ ದಂಡ, ಬೈಠಕ್. ಹೀಗೆ ಸೇವೆಯಿಂದ ಆರಂಭವಾಗಿ ಆಟದ ಮೂಲಕ ಹಾಯ್ದು ಬೋಧನೆಯಲ್ಲಿ ಕೊನೆಗೊಳ್ಳುವ ಒಂದು ಪೂರ್ಣ ಆಯುಷ್ಯಕ್ಕೆ ಗರಡಿಯಲ್ಲಿ ಜಾಗವಿದೆ. ಕಾಲೇಜಿನ ಕ್ರೀಡಾ ವಿಭಾಗ ಈ ಆಯುಷ್ಯದ ನಡುವಿನ ಮೂರು ವರ್ಷಗಳನ್ನು ಮಾತ್ರ ಕತ್ತರಿಸಿ ತೆಗೆದುಕೊಂಡಿದೆ. ಕೊನೆಯ ಸೆಮಿಸ್ಟರ್ ಮುಗಿದಾಗ ಪ್ರಮಾಣಪತ್ರ ಕೊಟ್ಟು ಕಳುಹಿಸುತ್ತದೆ, ದಡದ ಮೇಲೆ ಕುಳಿತುಕೊಳ್ಳಲು ಜಾಗ ಕೊಡುವುದಿಲ್ಲ.

ಗರಡಿಯ ಲೋಕವನ್ನು ದೋಷರಹಿತವೆಂದು ಕೊಂಡಾಡಬೇಕಿಲ್ಲ. ಅದು ಬಹುಮಟ್ಟಿಗೆ ಗಂಡಸರ ಲೋಕವಾಗಿಯೇ ಉಳಿದಿದೆ. ಹೆಣ್ಣುಮಕ್ಕಳ ಆಟಗಾರ್ತಿತನಕ್ಕೆ ತೆರೆ ಬೀಳುವುದು ಅನೇಕ ಸಲ ಗಾಯದಿಂದಲೋ ವಯಸ್ಸಿನಿಂದಲೋ ಅಲ್ಲ, ನಿಶ್ಚಯವಾದ ಮದುವೆಯಿಂದ. 19 ವರ್ಷದ ಓಟಗಾರ್ತಿಯೊಬ್ಬಳು ಅಂಗಳ ಬಿಡುವಾಗ ಅವಳ ಅಸ್ಮಿತೆಯನ್ನು ಮುಚ್ಚಿದವಳು ಅವಳಲ್ಲ, ಬೇರೆಯವರು. ಮಾರ್ಷಿಯಾ ವಿವರಿಸಿದ ಸ್ಥಿತಿಯಲ್ಲಿ ಬಾಗಿಲು ಒಳಗಿನಿಂದ ಮುಚ್ಚಿಕೊಂಡರೆ ಇಲ್ಲಿ ಹೊರಗಿನಿಂದ ಚಿಲಕ ಬೀಳುತ್ತದೆ. ಆದ್ದರಿಂದ ಅವಳ ವೃತ್ತಿ ಯೋಜನೆಯ ಮಾತು ಅವಳೊಬ್ಬಳ ಮನಸ್ಸಿನ ಪಕ್ವತೆಯ ಮಾತಾಗಿ ಉಳಿಯದೆ ಮನೆಯವರೊಡನೆ ನಡೆಯಬೇಕಾದ ಚರ್ಚೆಯೂ ಆಗುತ್ತದೆ. ಆಯ್ದಕ್ಕಿ ಲಕ್ಕಮ್ಮ ಗಂಡನ ಕಾಯಕವನ್ನು ತಿದ್ದಿದವಳು, ಅವನ ನೆರಳಾಗಿ ಉಳಿದವಳಲ್ಲ ಎಂಬುದನ್ನು ಇಂಥ ಚರ್ಚೆಯಲ್ಲಿ ನೆನೆಯುವುದು ತಕ್ಕದ್ದು.

ಆಟಗಾರನ ಹೊಣೆ ಸಮುದಾಯಕ್ಕೂ ಸೇರಿದ್ದೆಂಬ ಅರಿವು ಈ ನಾಡಿಗೆ ಹೊಸದಲ್ಲ. ಬಸವಣ್ಣನವರ ಕಾಲಕ್ಕೆ ತುಸು ಮೊದಲು ಕಲ್ಯಾಣದಿಂದ ಆಳಿದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸವೆಂಬ ತನ್ನ ಸಂಸ್ಕೃತ ಕೃತಿಯ ಮಲ್ಲವಿನೋದದ ಭಾಗದಲ್ಲಿ ಜಟ್ಟಿಗಳನ್ನು ವಯಸ್ಸು, ಮೈಕಟ್ಟು ಮತ್ತು ಬಲಕ್ಕನುಗುಣವಾಗಿ ವಿಂಗಡಿಸಿ, ಅವರ ವ್ಯಾಯಾಮವನ್ನು ವಿವರಿಸಿ, ಅವರಿಗೆ ಬೇಳೆ, ಹಾಲು, ಮಾಂಸ, ಸಿಹಿ ತಿನಿಸುಗಳನ್ನು ಒದಗಿಸುವುದು ಅರಸನ ಹೊಣೆಯೆಂದು ಹೇಳುತ್ತಾನೆ. ಇದಕ್ಕೂ ಹಿಂದೆ, 945ರ ಶಾಸನದ ಪ್ರಕಾರ, ಇಂಡಿಯ ಬಳಿಯ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ಶಾಲೆಯ ವಿದ್ಯಾರ್ಥಿಗಳಿಗೆ ಮನೆಗಳನ್ನೂ ಭೂಮಿಯನ್ನೂ ಬಿಟ್ಟುಕೊಡಲಾಗಿತ್ತು. ಮದುವೆ, ಉಪನಯನಗಳಂಥ ಶುಭಕಾರ್ಯಗಳಲ್ಲಿ ಊರವರು ಶಾಲೆಗೆ ಕಾಣಿಕೆ ಸಲ್ಲಿಸುವ ಕಟ್ಟಳೆಯೂ ಇತ್ತು. ಅರಸನು ಆಟಗಾರನ ಊಟಕ್ಕೆ, ಊರು ವಿದ್ಯಾರ್ಥಿಯ ವಸತಿಗೆ ಹೊಣೆ ಹೊತ್ತ ಈ ಎರಡು ನಿದರ್ಶನಗಳನ್ನು ಒಟ್ಟಿಗೆ ಇಟ್ಟರೆ, ಆಟಗಾರನೂ ವಿದ್ಯಾರ್ಥಿಯೂ ಒಬ್ಬನೇ ಆಗಿರುವ ಇಂದು ಆ ಹೊಣೆ ಇಮ್ಮಡಿಯಾಗುತ್ತದೆ. ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು ಮೊದಲ ವರ್ಷದಲ್ಲಿಯೇ ವಿದ್ಯಾರ್ಥಿಯೊಡನೆ ಕುಳಿತು ಆಟದ ಗುರಿಯನ್ನೂ ಆಟದಾಚೆಯ ಗುರಿಯನ್ನೂ ಒಂದೇ ಹಾಳೆಯಲ್ಲಿ ಬರೆಸುವುದು, ಹಳೆಯ ಬ್ಲೂಗಳನ್ನು ಹೊಸಬರಿಗೆ ಕಲಿಸಲು ಅಂಗಳಕ್ಕೆ ಕರೆಯುವುದು, ಅಂಪೈರಿಂಗ್ ಮತ್ತು ತರಬೇತಿಯ ಪ್ರಾಥಮಿಕ ಪಾಠಗಳನ್ನು ಆಡುವ ವರ್ಷಗಳಲ್ಲಿಯೇ ಕೊಡಿಸುವುದು ಹೆಚ್ಚು ಹಣ ಬೇಡುವ ಕೆಲಸಗಳಲ್ಲ. ಗರಡಿಯ ದಡವನ್ನು ಕಾಲೇಜಿನ ಅಂಗಳಕ್ಕೆ ತರುವ ಕೆಲಸಗಳು.

ನಿಷ್ಠೆ ಒಡೆಯುತ್ತದೆಯೇ?

ಮುಂದಿನದನ್ನು ಈಗಲೇ ಯೋಚಿಸುವವನು ಈಗಿನ ಆಟದಲ್ಲಿ ಪೂರ್ತಿ ಮುಳುಗಲಾರ, ಒಂದು ಕಾಲನ್ನು ದಡದಲ್ಲಿಟ್ಟವನಿಗೆ ಈಜು ಬರುವುದಿಲ್ಲ ಎಂಬುದು ತರಬೇತುದಾರರು ಆಗಾಗ ಎತ್ತುವ ಆಕ್ಷೇಪ. ಶರಣ ಪರಂಪರೆಯಲ್ಲಿ ಕಾಯಕನಿಷ್ಠೆಗೆ ಮಾದರಿಯಾದವನು ನುಲಿಯ ಚಂದಯ್ಯ. ಹಗ್ಗಕ್ಕಾಗಿ ಹುಲ್ಲು ಕೊಯ್ಯುವಾಗ ಕೊರಳಿನ ಲಿಂಗ ನೀರಿಗೆ ಬಿದ್ದರೂ ಅವನು ಕೆಲಸ ಬಿಡದೆ ಮುಂದೆ ನಡೆದನೆಂದೂ, ಲಿಂಗವೇ ಅವನ ಬೆನ್ನು ಹತ್ತಿ ಬಂದಿತೆಂದೂ ಕಥೆ. ಇದನ್ನು ಏಕಾಗ್ರತೆಯ ಕಥೆಯಾಗಿ ಮಾತ್ರ ಓದುವುದುಂಟು. ಆದರೆ ಚಂದಯ್ಯನು ಹುಲ್ಲು ಕೊಯ್ದದ್ದು ಹಗ್ಗಕ್ಕಾಗಿ, ಹಗ್ಗ ಮಾರಿದ್ದು ದಾಸೋಹಕ್ಕಾಗಿ. ಅವನ ಕೈ ಕುಡುಗೋಲಿನ ಮೇಲಿದ್ದಾಗಲೂ ಆ ಹುಲ್ಲು ಎಲ್ಲಿಗೆ ಹೋಗಬೇಕು ಎಂಬುದು ಅವನಿಗೆ ಗೊತ್ತಿತ್ತು. ಗುರಿ ತಿಳಿದಿದ್ದರಿಂದ ಅವನ ಏಕಾಗ್ರತೆ ಕುಂದಲಿಲ್ಲ, ಅದರಿಂದಲೇ ಅದು ಗಟ್ಟಿಯಾಯಿತು. ತನ್ನ ಓಟ ಮುಂದೆ ಯಾವ ದಾಸೋಹಕ್ಕೆ ಸಲ್ಲುತ್ತದೆ ಎಂದು ತಿಳಿದ ವಿದ್ಯಾರ್ಥಿಗೆ ಒಂದು ಸೋಲು ಪ್ರಪಂಚದ ಕೊನೆಯಾಗಿ ಕಾಣುವುದಿಲ್ಲ. ಅಂಥ ನಿರ್ಭೀತಿ ಆಟಕ್ಕೂ ಒಳ್ಳೆಯದೇ.

ಹಾಗೆಂದು ಕಾಯಕ ತತ್ತ್ವವನ್ನು ಬಡವನಿಗೆ ಸಮಾಧಾನ ಹೇಳುವ ಸಾಧನವಾಗಿ ಬಳಸುವುದು ಅದಕ್ಕೆ ಮಾಡುವ ಅಪಚಾರ. ಕೋಟಾದ ಹುದ್ದೆ ಸಿಗದವನಿಗೆ, ಗಾಯದ ಚಿಕಿತ್ಸೆಗೆ ಹಣವಿಲ್ಲದವನಿಗೆ ಎಲ್ಲ ದುಡಿಮೆಯೂ ಪೂಜೆಯೇ ಎಂದು ಹೇಳಿ ಕಳುಹಿಸಿದರೆ ದಾಸೋಹದ ಅರ್ಧವನ್ನು ಮರೆತಂತೆ. ಪಡೆಯುವ ಸಮುದಾಯಕ್ಕೆ ಕೊಡುವ ಋಣವೂ ಇದೆ.

ಮತ್ತೆ ಬಾಗೇವಾಡಿಯಲ್ಲಿ ಹುಟ್ಟಿದವರ ಹೆಸರಿಗೆ ಮರಳಿದರೆ, ಈ ಚರ್ಚೆಯ ತಿರುಳು ಆ ಹೆಸರಿನಲ್ಲಿಯೇ ಅಡಗಿರುವುದು ಕಾಣುತ್ತದೆ. ಬಸವಣ್ಣನವರು ಕರಣಿಕರಾಗಿ ಸೇರಿ ಕಲ್ಯಾಣದ ಅರಸ ಬಿಜ್ಜಳನ ಭಂಡಾರಿಯ, ಅಂದರೆ ಬೊಕ್ಕಸದ ಅಧಿಕಾರಿಯ, ಸ್ಥಾನಕ್ಕೇರಿದರು. ಆ ಹುದ್ದೆ ಒಂದು ದಿನ ಮುಗಿಯಿತು, ಅವರು ಕಲ್ಯಾಣವನ್ನು ಬಿಟ್ಟು ಕೂಡಲಸಂಗಮಕ್ಕೆ ನಡೆದರು. ಹುದ್ದೆಯ ಜೊತೆಗೆ ಭಂಡಾರಿ ಎಂಬ ಪದವೂ ಕಳೆದುಹೋಗಬೇಕಿತ್ತು. ಆದರೆ ಜನ ಅದನ್ನು ಉಳಿಸಿಕೊಂಡು, ಅದರ ಮುಂದೆ ಇನ್ನೊಂದು ಪದವನ್ನು ಸೇರಿಸಿ ಅವರನ್ನು ಭಕ್ತಿಭಂಡಾರಿ ಎಂದು ಕರೆದರು. ಲೆಕ್ಕವಿಡುವ, ಕಾಯುವ, ಹಂಚುವ ಗುಣ ಅದೇ ಆಗಿ ಉಳಿಯಿತು, ಭಂಡಾರ ಮಾತ್ರ ಬದಲಾಯಿತು. ಟ್ರಂಕಿನಲ್ಲಿ ಮಡಿಸಿಟ್ಟ ಬ್ಲೇಜರು ಸಾರುವ ಬ್ಲೂ ಎಂಬ ಪದಕ್ಕೂ ಇಂಥ ಇನ್ನೊಂದು ಪದ ಸೇರಬೇಕಾಗಿದೆ. ಅದನ್ನು ಆರಿಸುವುದು ಆ ವಿದ್ಯಾರ್ಥಿಯ ಕೆಲಸ, ಆರಿಸಲು ಬೇಕಾದ ವೇಳೆಯನ್ನೂ ಆಸರೆಯನ್ನೂ ಕೊಡುವುದು ಕಾಲೇಜಿನ ಮತ್ತು ಊರಿನ ಕೆಲಸ.